ಕಬ್ಬಿನ ಗಾಡಿಗೆ ಬೇರೆ ದಾರಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಬೆಳಗಿನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದೀರಲ್ಲ, ಅದರ ಬಗ್ಗೆ ಮಾತಾಡಿ, ಆದರೆ ಊರಿನವರಿಗೂ ಅರ್ಥವಾಗಬೇಕು" ಅಂದರು. ಒಪ್ಪಿಕೊಂಡ ಮೇಲೆ ಭಯವಾಯಿತು. ಏಕೆಂದರೆ ನಾನೇನು ಕೆಲಸ ಮಾಡುತ್ತೇನೆ ಎಂದು ನಮ್ಮ ಅಮ್ಮನಿಗೇ ಇಪ್ಪತ್ತು ವರ್ಷದಿಂದ ಸರಿಯಾಗಿ ಹೇಳಲು ನನ್ನ ಕೈಲಾಗಿಲ್ಲ. ಯಾರಾದರೂ ಕೇಳಿದರೆ ಅಮ್ಮ, "ಆಸ್ಪತ್ರೇಲಿ ಅವ್ನೆ, ಆದ್ರೆ ಡಾಕ್ಟ್ರಲ್ಲ" ಅನ್ನುತ್ತಾರೆ. ಅದು ತಪ್ಪೇನಲ್ಲ. ಜಯನಗರದ ಕಡೆಯ ಒಂದು ಆಸ್ಪತ್ರೆಯ ಸರ್ವರ್ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ರೋಗಿಯ ಹೆಸರು, ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ, ಸ್ಕ್ಯಾನ್, ಔಷಧಿಯ ಬಿಲ್ಲು ಎಲ್ಲವೂ ಆ ಕೋಣೆಯ ಯಂತ್ರಗಳಲ್ಲಿ ಇರುತ್ತವೆ. ಅವು ಕಳೆದುಹೋಗದಂತೆ ದಿನಾ ರಾತ್ರಿ ಇನ್ನೊಂದು ಕಡೆಗೆ ಪ್ರತಿ ಮಾಡಿಡಬೇಕು. ಇದಕ್ಕೆ ಬ್ಯಾಕಪ್ ಎನ್ನುತ್ತೇವೆ.

ಇವತ್ತು ಆ ಬ್ಯಾಕಪ್ ಬಗ್ಗೆ, ಅದಕ್ಕೆ ಬೇರೆ ದಾರಿ ಮಾಡಿಕೊಟ್ಟ ಬಗ್ಗೆ ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಗುರುಗಳ ಎದುರಿಗೆ ತಪ್ಪು ಒಪ್ಪಿಕೊಳ್ಳುವುದು ಈ ಶಾಲೆಯಲ್ಲಿ ನನಗೆ ಹೊಸದಲ್ಲ.

ಮೊದಲು ನಮ್ಮೂರಿನ ಕಥೆ. ನನ್ನ ವಯಸ್ಸಿನವರಿಗೆ ನೆನಪಿರಬಹುದು. ಆಗ ಊರಿಗೆ ಇದ್ದದ್ದು ಒಂದೇ ರಸ್ತೆ. ಕಬ್ಬು ಅರೆಯುವ ಕಾಲ ಬಂತೆಂದರೆ ಬೆಳಗಿನ ಜಾವದಿಂದ ಗಾಡಿಗಳ ಸಾಲು. ಒಂದರ ಹಿಂದೆ ಒಂದು, ಮೂವತ್ತು ನಲವತ್ತು ಗಾಡಿ. ನಾವು ಮಕ್ಕಳು ಪುಸ್ತಕದ ಚೀಲ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ನಿಲ್ಲಬೇಕು. ಹಾಲಿನ ಕ್ಯಾನು ತರುವ ಸೈಕಲ್ ನಿಲ್ಲಬೇಕು. ಹೆರಿಗೆ ನೋವು ಬಂದವರನ್ನು ಕರೆದೊಯ್ಯುವ ಗಾಡಿಯೂ ನಿಲ್ಲಬೇಕು. ತಪ್ಪು ಕಬ್ಬಿನವರದು ಎನ್ನುವಂತಿರಲಿಲ್ಲ. ಕಡಿದ ಕಬ್ಬು ಒಣಗುವ ಮೊದಲು ಕಾರ್ಖಾನೆ ಸೇರಬೇಕು, ಇಲ್ಲದಿದ್ದರೆ ತೂಕ ಇಳಿಯುತ್ತದೆ, ವರ್ಷದ ಶ್ರಮ ಹೋಗುತ್ತದೆ. ಇಬ್ಬರ ಅವಸರವೂ ನಿಜವೇ, ದಾರಿ ಮಾತ್ರ ಒಂದೇ. ಕೊನೆಗೆ ಹಿರಿಯರು ಸೇರಿ ಕೆರೆ ಏರಿಯ ಹಿಂದೆ ಗಾಡಿ ದಾರಿ ಬಿಡಿಸಿದರು. ಆ ದಾರಿಯ ಮಾತು ಆಮೇಲೆ ಮತ್ತೆ ಬರುತ್ತದೆ, ನೆನಪಿಡಿ.

ಈಗ ಆಸ್ಪತ್ರೆಗೆ ಬನ್ನಿ. ಸರ್ವರ್ ಎಂದರೆ ಇಪ್ಪತ್ತನಾಲ್ಕು ಗಂಟೆಯೂ ಓಡುವ ದೊಡ್ಡ ಕಂಪ್ಯೂಟರ್. ನಮ್ಮಲ್ಲಿ ಅಂಥವು ಹದಿನಾಲ್ಕಿದ್ದವು. ಪ್ರತಿಯೊಂದರ ಬೆನ್ನಿನಿಂದಲೂ ಒಂದು ಕೇಬಲ್ ಹೊರಟು ಸ್ವಿಚ್ ಎಂಬ ಪೆಟ್ಟಿಗೆ ಸೇರುತ್ತದೆ. ಮನೆಯ ದೀಪದ ಸ್ವಿಚ್ ಅಲ್ಲ, ಇದು ನಾಲ್ಕು ದಾರಿ ಕೂಡುವ ವೃತ್ತ ಇದ್ದಂತೆ. ಯಾವ ಮಾಹಿತಿ ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ತಿರುಗಿಸುತ್ತದೆ. ಡಾಕ್ಟರ ಮೇಜಿನ ಕಂಪ್ಯೂಟರ್ ಎಕ್ಸ್‌ರೇ ಕೇಳಿದರೆ ಆ ಕೋರಿಕೆ ಈ ವೃತ್ತದ ಮೂಲಕವೇ ಬರುತ್ತದೆ, ಚಿತ್ರ ಅದರ ಮೂಲಕವೇ ಹೋಗುತ್ತದೆ. ರಾತ್ರಿಯ ಬ್ಯಾಕಪ್ಪೂ ಇದೇ ಕೇಬಲ್, ಇದೇ ವೃತ್ತ ಹಾದು ಬ್ಯಾಕಪ್ ಸರ್ವರ್ ಸೇರಬೇಕು.

ಮಕ್ಕಳಿಗೆ ಒಂದು ಲೆಕ್ಕ ಕೊಡುತ್ತೇನೆ, ನೋಟ್‌ಬುಕ್ ಇದ್ದರೆ ಬರೆದುಕೊಳ್ಳಿ. ನಮ್ಮ ಕೇಬಲಿನ ವೇಗ ಸೆಕೆಂಡಿಗೆ 1 ಗಿಗಾಬಿಟ್. ಅಂದರೆ 1,000 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 125 ಮೆಗಾಬೈಟ್. ವಿಳಾಸ ಬರೆಯುವುದಕ್ಕೆ, ಸರಿಯಾಗಿ ತಲುಪಿತೇ ಎಂದು ಕೇಳುವುದಕ್ಕೆ ಒಂದಿಷ್ಟು ಹೋಗಿ ನಿಜವಾಗಿ ಸಿಗುವುದು ಸುಮಾರು 110. ನಾನು ಕೆಲಸಕ್ಕೆ ಸೇರಿದಾಗ ಭಾನುವಾರದ ಪೂರ್ಣ ಬ್ಯಾಕಪ್ 1.2 ಟೆರಾಬೈಟ್ ಇತ್ತು. ಅಂದರೆ 12 ಲಕ್ಷ ಮೆಗಾಬೈಟ್. ಅದನ್ನು 110ರಿಂದ ಭಾಗಿಸಿದರೆ ಸುಮಾರು 10,900 ಸೆಕೆಂಡ್, ಮೂರು ಗಂಟೆ. ರಾತ್ರಿ ಹನ್ನೆರಡಕ್ಕೆ ಶುರುವಾಗಿ ಮೂರಕ್ಕೆ ಮುಗಿಯುತ್ತಿತ್ತು. ಯಾರಿಗೂ ತೊಂದರೆಯಿಲ್ಲ.

ಆಮೇಲೆ ಹೊಸ ಸ್ಕ್ಯಾನ್ ಯಂತ್ರ ಬಂತು. ಹಳೆಯ ಎಕ್ಸ್‌ರೇ ಎಂದರೆ ಒಂದು ಚಿತ್ರ. ಸಿಟಿ ಸ್ಕ್ಯಾನ್ ಎಂದರೆ ಒಬ್ಬ ರೋಗಿಗೆ ನೂರಾರು ಚಿತ್ರ, ಬ್ರೆಡ್ಡನ್ನು ತೆಳ್ಳಗೆ ಹೆಚ್ಚಿದ ಹಾಗೆ. ಎರಡು ವರ್ಷದಲ್ಲಿ ನಮ್ಮ 1.2 ಟೆರಾಬೈಟ್ 3.2 ಆಯಿತು. ಅದೇ ಭಾಗಾಕಾರ ಮಾಡಿ ನೋಡಿ, ಎಂಟು ಗಂಟೆ. ಭಾನುವಾರ ರಾತ್ರಿ ಹನ್ನೆರಡಕ್ಕೆ ಹೊರಟ ಗಾಡಿಗಳು ಸೋಮವಾರ ಬೆಳಿಗ್ಗೆ ಎಂಟಾದರೂ ರಸ್ತೆಯಲ್ಲೇ ಇದ್ದವು. ಆದರೆ ಆಸ್ಪತ್ರೆಯ ಲ್ಯಾಬ್ ತೆರೆಯುವುದು ಆರೂವರೆಗೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರ ಸಾಲು ಆಗಲೇ ಇರುತ್ತದೆ. ವಾರದಲ್ಲಿ ಹೆಚ್ಚು ಜನ ಬರುವುದೂ ಸೋಮವಾರವೇ.

ಕಾಯಿಲೆ ಏನೆಂದು ನನಗೆ ಕೂಡಲೇ ತಿಳಿಯಲಿಲ್ಲ. "ಸಾರ್, ಸಿಸ್ಟಮ್ ತುಂಬಾ ಸ್ಲೋ, ಎಕ್ಸ್‌ರೇ ತೆರೀತಾನೇ ಇಲ್ಲ" ಎಂದು ನರ್ಸ್‌ಗಳು ಫೋನ್ ಮಾಡುತ್ತಿದ್ದರು. ನಾನು ಬಂದು ನೋಡುವ ಹೊತ್ತಿಗೆ ಒಂಬತ್ತು ಗಂಟೆ, ಎಲ್ಲ ಸರಿಯಾಗಿರುತ್ತಿತ್ತು. ಸರ್ವರ್ ಪರೀಕ್ಷೆ ಮಾಡಿದೆ, ಸಾಫ್ಟ್‌ವೇರ್ ಕೊಟ್ಟವರ ಜೊತೆ ಜಗಳವಾಡಿದೆ, ಕೇಬಲ್ ಬದಲಿಸಿದೆ. ದೂರು ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದವರು ರಿಸೆಪ್ಷನ್‌ನಲ್ಲಿದ್ದ ಒಬ್ಬ ಹೆಣ್ಣುಮಗಳು. "ಸಾರ್, ಇದು ಸೋಮವಾರ ಮಾತ್ರ ಬರೋ ಜ್ವರ" ಅಂದರು. ಆಗ ನನಗೆ ಹೊಳೆಯಿತು.

ಇಲ್ಲಿ ಒಂದು ಪ್ರಶ್ನೆ ಬರಬಹುದು. ಎಕ್ಸ್‌ರೇ ಕೇಳುವ ಕೋರಿಕೆ ಸಣ್ಣದು, ಅದು ಗಾಡಿಗಳ ಸಂದಿಯಲ್ಲಿ ನುಸುಳಿ ಹೋಗಬಾರದೇ? ಸ್ವಿಚ್ಚಿನ ಒಳಗೆ ಸಣ್ಣ ನೆನಪಿನ ಜಾಗವಿದೆ, ಸರದಿಯಲ್ಲಿ ನಿಲ್ಲುವ ಅಂಗಳ ಎಂದುಕೊಳ್ಳಿ. ಬ್ಯಾಕಪ್ ಮಾಹಿತಿ ಬಂದು ಬಂದು ಆ ಅಂಗಳ ತುಂಬಿರುತ್ತದೆ. ಸಣ್ಣ ಕೋರಿಕೆ ಬಂದರೆ ಒಂದೋ ಸಾಲಿನ ಕೊನೆಯಲ್ಲಿ ನಿಲ್ಲಬೇಕು, ಇಲ್ಲವೋ ಅಂಗಳದಲ್ಲಿ ಜಾಗವಿಲ್ಲದೆ ಬಿದ್ದುಹೋಗುತ್ತದೆ. ಬಿದ್ದದ್ದನ್ನು ಮತ್ತೆ ಕಳಿಸಬೇಕು, ಕಳಿಸುವ ಮೊದಲು ಸ್ವಲ್ಪ ಕಾಯಬೇಕು. ಒಂದು ಚಿತ್ರ ತೆರೆಯಲು ಇಂಥ ನೂರಾರು ಹೋಗಿ ಬರುವ ಮಾತು ನಡೆಯಬೇಕು. ಪ್ರತಿಯೊಂದಕ್ಕೂ ಚೂರು ತಡವಾದರೆ ಡಾಕ್ಟರ ಕಣ್ಣಿಗೆ ಅದು ನಿಮಿಷಗಟ್ಟಲೆಯಾಗಿ ಕಾಣುತ್ತದೆ.

ಇದು ನಮ್ಮ ಆಸ್ಪತ್ರೆಯಲ್ಲಿ ಹುಟ್ಟಿದ ಕಾಯಿಲೆಯಲ್ಲ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದ ಸಂಪರ್ಕ ಹೀಗೇ ಕುಸಿಯಿತು. ಎರಡರ ನಡುವಿನ ದೂರ ಸುಮಾರು 400 ಗಜ, ನಮ್ಮ ಶಾಲೆಯಿಂದ ಬಸ್ ಸ್ಟ್ಯಾಂಡಿನಷ್ಟು. ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದ ಕಡೆ 40 ಬಿಟ್ ಹೋಗತೊಡಗಿತು. ಎಲ್ಲರೂ ಬಿದ್ದದ್ದನ್ನು ಮತ್ತೆ ಮತ್ತೆ ಕಳಿಸಿ ದಾರಿಯನ್ನು ಇನ್ನಷ್ಟು ಮುಚ್ಚುತ್ತಿದ್ದರು. ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ ಅದನ್ನು ಅಧ್ಯಯನ ಮಾಡಿ, ದಾರಿ ತುಂಬಿದೆ ಎಂದು ಗೊತ್ತಾದರೆ ಕಳಿಸುವವನೇ ನಿಧಾನಿಸಬೇಕು ಎಂಬ ನಿಯಮಗಳನ್ನು 1988ರಲ್ಲಿ ಪ್ರಕಟಿಸಿದರು. ಇವತ್ತು ನಿಮ್ಮ ಮೊಬೈಲ್ ಕೂಡ ಅದೇ ವಿಚಾರದ ಮೇಲೆ ನಡೆಯುತ್ತದೆ. ಆ ನಿಯಮ ಇರುವುದರಿಂದ ದಾರಿ ಪೂರ್ತಿ ಕುಸಿಯುವುದಿಲ್ಲ. ಆದರೆ ಗಂಟೆಗಟ್ಟಲೆ ಸಾಲುಗಟ್ಟಿ ನಿಂತ ಗಾಡಿಗಳ ಮುಂದೆ ಒಂಟಿ ಸೈಕಲ್ಲಿನ ಪಾಡು ಪಾಡೇ.

ಕಾರಣ ಗೊತ್ತಾದ ಮೇಲೆ ನಾನು ಮಾಡಿದ್ದೇನು ಗೊತ್ತೇ? ಅಲ್ಲೇ ನನ್ನ ತಪ್ಪು. ಒಂದು ಸೋಮವಾರ ಬೆಳಿಗ್ಗೆ ತುರ್ತು ವಿಭಾಗದಿಂದ ಹಿರಿಯ ಡಾಕ್ಟರೊಬ್ಬರು ಫೋನ್ ಮಾಡಿ, "ಇಲ್ಲಿ ಅಪಘಾತದ ಕೇಸ್ ಇದೆ, ತಲೆಯ ಸ್ಕ್ಯಾನ್ ತೆರೆಯುತ್ತಿಲ್ಲ, ಏನು ಮಾಡುತ್ತೀರೋ ಮಾಡಿ" ಎಂದು ಗದರಿದರು. ನಾನು ಬ್ಯಾಕಪ್ ನಿಲ್ಲಿಸಿದೆ. ಮರುಕ್ಷಣ ಚಿತ್ರ ತೆರೆಯಿತು. ಅಷ್ಟಕ್ಕೆ ತಪ್ಪಾಗಲಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಅದನ್ನೇ ಮಾಡಬೇಕು. ತಪ್ಪಾದದ್ದು ಆಮೇಲೆ. "ಸರಿಯಾದ ವ್ಯವಸ್ಥೆ ಮಾಡುವವರೆಗೆ ಹೀಗೇ ಇರಲಿ" ಎಂದು ದಿನನಿತ್ಯದ ಬ್ಯಾಕಪ್ಪನ್ನೂ ಸೇರಿಸಿ ಎಲ್ಲವನ್ನೂ ತಡೆಹಿಡಿದೆ. ಯಾರೂ ಕೇಳಲಿಲ್ಲ. ಎಲ್ಲರೂ ಸಂತೋಷವಾಗಿದ್ದರು, ಸಿಸ್ಟಮ್ ಚೆನ್ನಾಗಿ ಓಡುತ್ತಿದೆ ಎಂದು ಹೊಗಳಿದರು. ಬ್ಯಾಕಪ್ ಇಲ್ಲದಿರುವುದು ಇಂಥದ್ದು. ಅದು ಇಲ್ಲವೆಂಬುದು ಬೇಕಾಗುವ ದಿನದವರೆಗೆ ಕಾಣುವುದೇ ಇಲ್ಲ.

ಒಂಬತ್ತನೆಯ ದಿನ, ಮಂಗಳವಾರ, ಚಿತ್ರಗಳನ್ನು ಇಟ್ಟಿದ್ದ ಪೆಟ್ಟಿಗೆಯಲ್ಲಿ ಒಂದು ಡಿಸ್ಕ್ ಕೆಟ್ಟಿತು. ಒಂದು ಕೆಟ್ಟರೆ ತಡೆದುಕೊಳ್ಳುವ ವ್ಯವಸ್ಥೆ ಇತ್ತು. ಹೊಸ ಡಿಸ್ಕ್ ಹಾಕಿ, ಉಳಿದವುಗಳಿಂದ ಮಾಹಿತಿ ಮತ್ತೆ ಕಟ್ಟುತ್ತಿರುವಾಗಲೇ ಇನ್ನೊಂದೂ ಹೋಯಿತು. ಒಟ್ಟಿಗೆ ಕೊಂಡ, ಒಂದೇ ವಯಸ್ಸಿನ ಡಿಸ್ಕ್‌ಗಳು. ಒಂದು ಸುಸ್ತಾದಾಗ ಉಳಿದವಕ್ಕೆ ಹೊರೆ ಹೆಚ್ಚುತ್ತದೆ. ನಮ್ಮ ಬಳಿ ಇದ್ದ ಕೊನೆಯ ಒಳ್ಳೆಯ ಪ್ರತಿ ಹಿಂದಿನ ಶನಿವಾರಕ್ಕೂ ಹಿಂದಿನ ಶನಿವಾರ ರಾತ್ರಿಯದು. ಹತ್ತು ದಿನದ ದಾಖಲೆ ಇರಲಿಲ್ಲ.

ರಕ್ತಪರೀಕ್ಷೆಯ ವರದಿಗಳು ಬಹಳಷ್ಟು ಲ್ಯಾಬ್ ಯಂತ್ರಗಳ ಒಳಗೇ ಉಳಿದಿದ್ದವು, ಉಳಿದವನ್ನು ರೋಗಿಗಳ ಕೈಯಲ್ಲಿದ್ದ ಕಾಗದ ನೋಡಿ ಬರೆದುಕೊಂಡೆವು. ಸ್ಕ್ಯಾನ್ ಯಂತ್ರದಲ್ಲಿ ಕೆಲವು ದಿನದ ಚಿತ್ರ ಸಿಕ್ಕಿತು, ಕೆಲವು ದಿನದ್ದು ಸಿಗಲಿಲ್ಲ. ಕನಕಪುರದ ಕಡೆಯಿಂದ ಎರಡು ಬಸ್ ಬದಲಿಸಿ ಬಂದಿದ್ದ ಒಬ್ಬ ಅಜ್ಜಿಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕಾಯಿತು. ಖರ್ಚನ್ನು ಆಸ್ಪತ್ರೆ ವಹಿಸಿಕೊಂಡಿತು. ಆದರೆ ಆ ಅಜ್ಜಿ ನನ್ನನ್ನು ನೋಡಿ, "ಮೊನ್ನೆ ತೆಗೆದಿದ್ರಲ್ಲಪ್ಪ, ಅದೆಲ್ಲಿ ಹೋಯ್ತು?" ಎಂದು ಕೇಳಿದರು. ಕೋಪದಿಂದ ಕೇಳಲಿಲ್ಲ, ತಿಳಿದುಕೊಳ್ಳೋಣ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಈ ವಿಷಯ ಆರಿಸಿಕೊಂಡದ್ದು ಆ ಪ್ರಶ್ನೆಯಿಂದಲೇ.

ಆಡಳಿತದವರು ನನ್ನನ್ನು ಕೆಲಸದಿಂದ ತೆಗೆಯಬಹುದಿತ್ತು. ತೆಗೆಯಲಿಲ್ಲ. "ಬ್ಯಾಕಪ್ ನಡೆಯಲೇಬೇಕು, ಡಾಕ್ಟರ ಕೆಲಸವೂ ನಿಲ್ಲಬಾರದು, ಏನು ಬೇಕು ಹೇಳಿ" ಅಂದರು. ಆಗ ಕೆರೆ ಏರಿಯ ಹಿಂದಿನ ದಾರಿ ನೆನಪಾಯಿತು.

ಸರ್ವರ್‌ಗಳ ಬೆನ್ನಿನಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿ ಒಂದೇ ಇರುವುದಿಲ್ಲ. ಎರಡೋ ನಾಲ್ಕೋ ಇರುತ್ತವೆ. ನಮ್ಮವುಗಳಲ್ಲಿ ಎರಡನೆಯ ಕಿಂಡಿಗೆ ಧೂಳು ಹೋಗದಂತೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಕೂಡ ತೆಗೆದಿರಲಿಲ್ಲ. ವೇಗ ಬೇಕಾದ ಸರ್ವರ್‌ಗಳಿಗೆ ಸೆಕೆಂಡಿಗೆ 10 ಗಿಗಾಬಿಟ್‌ನ ಕಾರ್ಡ್ ಹಾಕಿಸಿ, ಬೇರೆಯದೇ ಒಂದು ಸ್ವಿಚ್ ತಂದು, ಬೇರೆ ಕೇಬಲ್ ಎಳೆದೆವು. ಗುರುತಿಗೆ ಎಲ್ಲ ಹಳದಿ ಬಣ್ಣದ ಕೇಬಲ್. ಆ ದಾರಿಯಲ್ಲಿ ಬ್ಯಾಕಪ್ ಮಾತ್ರ ಹೋಗಬೇಕು, ಬೇರೆ ಏನೂ ಹೋಗಬಾರದು. ಡಾಕ್ಟರ ಕಂಪ್ಯೂಟರ್ ಹಳೆಯ ದಾರಿಯಲ್ಲೇ ಇರಲಿ.

ದಕ್ಷಿಣ ಬೆಂಗಳೂರಿಗೆ ಬಂದವರು ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ ಮಾರೇನಹಳ್ಳಿ ರಸ್ತೆಯನ್ನು ನೋಡಿರುತ್ತೀರಿ. ಅಲ್ಲಿ ಸುಮಾರು 3.3 ಕಿಲೋಮೀಟರ್ ಉದ್ದಕ್ಕೆ ಕೆಳಗೆ ರಸ್ತೆ, ಅದರ ಮೇಲೆ ವಾಹನಗಳ ಮೇಲ್ಸೇತುವೆ, ಅದಕ್ಕೂ ಮೇಲೆ ಮೆಟ್ರೋ. ಮೇಲ್ಸೇತುವೆಯ ಒಂದು ಬದಿ 2024ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗದ ಮೆಟ್ರೋ 2025ರ ಆಗಸ್ಟ್‌ನಲ್ಲಿ ಓಡತೊಡಗಿತು. ಬಿಟಿಎಂ ಲೇಔಟ್ ಹತ್ತಿರ ಕೆಳಗೆ ಎಷ್ಟೇ ವಾಹನ ಸಿಕ್ಕಿಕೊಂಡಿರಲಿ, ಮೇಲೆ ರೈಲು ತನ್ನ ಹೊತ್ತಿಗೆ ಹೋಗುತ್ತದೆ. ರೈಲಿಗಾಗಿ ಕೆಳಗಿನವರೂ ನಿಲ್ಲಬೇಕಾಗಿಲ್ಲ. ನಮ್ಮ ಸರ್ವರ್ ಕೋಣೆಯಲ್ಲಿ ಮಾಡಿದ್ದೂ ಇದೇ, ಅಳತೆ ಮಾತ್ರ ಚಿಕ್ಕದು.

ಇದಕ್ಕೆ ಅಗ್ಗದ ಉಪಾಯವೂ ಇದೆ. ಅದೇ ಕೇಬಲಿನ ಒಳಗೆ ಗೆರೆ ಎಳೆದು ಎರಡು ನೆಟ್‌ವರ್ಕ್ ಮಾಡುವುದು. ಇದಕ್ಕೆ ವಿಎಲ್ಎಎನ್ ಎನ್ನುತ್ತಾರೆ, 1998ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಾನದಂಡ ಬಂತು. ಮಾಹಿತಿ ಒಂದರೊಳಗೊಂದು ಬೆರೆಯದಂತೆ ಇಡಲು ಅದು ಬಹಳ ಒಳ್ಳೆಯದು. ಆದರೆ ರಸ್ತೆ ಒಂದೇ. 2019ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಆಚೆಗೆ ಬಸ್ಸುಗಳಿಗೆಂದು ಪ್ರತ್ಯೇಕ ಪಥ ಗುರುತು ಮಾಡಿದ್ದರು. ಬಸ್ಸಿಗೆ ಒಂದು ಪಥ ಬಿಟ್ಟರೆ ಉಳಿದವರಿಗೆ ಅಷ್ಟು ಕಡಿಮೆಯಾಗುತ್ತದೆ, ರಸ್ತೆಯ ಅಗಲ ಹೆಚ್ಚುವುದಿಲ್ಲ. ಗೆರೆ ಎಳೆಯುವುದಕ್ಕೂ ಇನ್ನೊಂದು ದಾರಿ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಇದೇ. ಹಣವಿಲ್ಲದಿದ್ದರೆ ಗೆರೆ ಎಳೆಯಿರಿ, ಬ್ಯಾಕಪ್ಪಿನ ವೇಗಕ್ಕೆ ಮಿತಿ ಹಾಕಿ, ಬದಲಾದದ್ದನ್ನು ಮಾತ್ರ ಪ್ರತಿ ಮಾಡಿ. ಇವೆಲ್ಲ ಸರಿಯಾದ ಕ್ರಮಗಳೇ. ಆದರೆ ದಾರಿಯೇ ಸಾಲದಾದಾಗ ಎಷ್ಟು ಗೆರೆ ಎಳೆದರೂ ಪ್ರಯೋಜನವಿಲ್ಲ.

ಹಳದಿ ಕೇಬಲ್ ಎಲ್ಲ ಹಾಕಿ ಮುಗಿಸಿದ ರಾತ್ರಿ ನಾನು ಆಸ್ಪತ್ರೆಯಲ್ಲೇ ಉಳಿದೆ. ಹನ್ನೆರಡಕ್ಕೆ ಬ್ಯಾಕಪ್ ಶುರುವಾಯಿತು. ಹೊಸ ಸ್ವಿಚ್ಚಿನ ದೀಪಗಳು ಪಟಪಟ ಮಿನುಗಬೇಕಿತ್ತು. ಮಿನುಗಲಿಲ್ಲ. ಹಳೆಯ ಸ್ವಿಚ್ಚಿನವೇ ಮಿನುಗುತ್ತಿದ್ದವು. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ ದಾರಿ ಖಾಲಿ ಬಿದ್ದಿದೆ, ಗಾಡಿಗಳೆಲ್ಲ ಊರೊಳಗೇ ಹೋಗುತ್ತಿವೆ!

ಈಗ ಕೆರೆ ಏರಿಯ ದಾರಿಗೆ ಬರುತ್ತೇನೆ. ಹಿರಿಯರಿಗೆ ನೆನಪಿದೆ, ಮೊದಲ ವರ್ಷ ಆ ದಾರಿ ತೆರೆದ ಮೇಲೂ ಅರ್ಧ ಗಾಡಿಗಳು ಊರೊಳಗೇ ಬಂದವು. ಏಕೆಂದರೆ ಬೆಳಗಿನ ಜಾವ ಗಾಡಿಯವನು ತೂಕಡಿಸುತ್ತಿರುತ್ತಾನೆ, ಎತ್ತುಗಳು ತಮಗೆ ಗೊತ್ತಿರುವ ದಾರಿಗೇ ಹೊರಳುತ್ತವೆ. ಕವಲಿನಲ್ಲಿ ಒಬ್ಬ ಆಳನ್ನು ನಿಲ್ಲಿಸಿ ಮೂಗುದಾರ ಹಿಡಿದು ತಿರುಗಿಸಿದ ಮೇಲೆ ಅಭ್ಯಾಸವಾಯಿತು. ಕಂಪ್ಯೂಟರೂ ಎತ್ತಿನ ಹಾಗೆಯೇ. ಬ್ಯಾಕಪ್ ಸರ್ವರಿಗೆ ಒಂದು ಹೆಸರಿದೆ, ಆ ಹೆಸರಿನ ಮುಂದೆ ಒಂದು ವಿಳಾಸ ಬರೆದಿರುತ್ತದೆ. ನಾನು ಹೊಸ ದಾರಿಯಲ್ಲಿ ಅದಕ್ಕೆ ಹೊಸ ವಿಳಾಸ ಕೊಟ್ಟಿದ್ದೆ. ಆದರೆ ಹೆಸರಿನ ಮುಂದೆ ಬರೆದದ್ದು ಹಳೆಯ ವಿಳಾಸವೇ ಆಗಿತ್ತು. ಹದಿನಾಲ್ಕು ಸರ್ವರ್‌ಗಳಲ್ಲೂ ಆ ಒಂದು ಸಾಲು ತಿದ್ದಿದೆ. ಹೊಸ ಸ್ವಿಚ್ಚಿನ ದೀಪಗಳು ದೀಪಾವಳಿಯ ಹಾಗೆ ಹೊತ್ತಿಕೊಂಡವು.

ಇನ್ನು ಮೂರು ಪಾಠಗಳನ್ನು, ಈ ಕೆಲಸಕ್ಕೆ ಬರಲಿರುವ ಮಕ್ಕಳಿಗಾಗಿ, ಚಿಕ್ಕದಾಗಿ ಹೇಳುತ್ತೇನೆ.

ಒಂದು, ಸರ್ವರಿಗೆ ಎರಡು ಕಾಲು ಬಂದ ಮೇಲೆ ಯಾವ ಕಾಲಿನಿಂದ ಹೊರಗೆ ಹೋಗಬೇಕು ಎಂಬ ಗೊಂದಲ ಹುಟ್ಟುತ್ತದೆ. ಹೊರಜಗತ್ತಿಗೆ ಹೋಗುವ ಬಾಗಿಲನ್ನು ಗೇಟ್‌ವೇ ಎನ್ನುತ್ತೇವೆ. ಅದನ್ನು ಹಳೆಯ ದಾರಿಯಲ್ಲಿ ಮಾತ್ರ ಬರೆಯಬೇಕು, ಬ್ಯಾಕಪ್ ದಾರಿಯಲ್ಲಿ ಬರೆಯಬಾರದು. ಎರಡೂ ಕಡೆ ಬರೆದರೆ ಪ್ರಶ್ನೆ ಒಂದು ಬಾಗಿಲಿನಿಂದ ಬರುತ್ತದೆ, ಉತ್ತರ ಇನ್ನೊಂದರಿಂದ ಹೋಗುತ್ತದೆ, ನಡುವೆ ಕಾವಲಿರುವ ಫೈರ್‌ವಾಲ್ ಇದು ಯಾರದೋ ಮಾತು ಎಂದು ತಡೆಯುತ್ತದೆ.

ಎರಡು, ಮಾಹಿತಿಯನ್ನು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಕಳಿಸುತ್ತೇವೆ. ಮಾಮೂಲಿ ಪೊಟ್ಟಣದ ಅಳತೆ 1,500 ಬೈಟ್. ಬ್ಯಾಕಪ್ಪಿನಂಥ ದೊಡ್ಡ ಸಾಗಣೆಗೆ 9,000 ಬೈಟಿನ ದೊಡ್ಡ ಪೊಟ್ಟಣ ಕಟ್ಟಿದರೆ ಕಟ್ಟಿ ಬಿಚ್ಚುವ ಶ್ರಮ ಕಡಿಮೆಯಾಗುತ್ತದೆ. ಆದರೆ ದಾರಿಯಲ್ಲಿರುವ ಪ್ರತಿ ಸರ್ವರ್, ಪ್ರತಿ ಸ್ವಿಚ್ ಅದಕ್ಕೆ ಒಪ್ಪಿರಬೇಕು. ನಾನು ಒಂದರಲ್ಲಿ ಬದಲಿಸಲು ಮರೆತಿದ್ದೆ. ಸಣ್ಣ ಸಂದೇಶ ಕಳಿಸಿ ಪರೀಕ್ಷಿಸಿದರೆ ಎಲ್ಲ ಸರಿ, ಬ್ಯಾಕಪ್ ಶುರು ಮಾಡಿದರೆ ಅಲ್ಲೇ ನಿಂತುಬಿಡುತ್ತಿತ್ತು. ರೈಲ್ವೆ ಕೆಳಸೇತುವೆಯಲ್ಲಿ ಸೈಕಲ್ ಹೋಗುತ್ತದೆ, ಹುಲ್ಲು ಹೇರಿದ ಲಾರಿ ಸಿಕ್ಕಿಕೊಳ್ಳುತ್ತದೆ. ಸೈಕಲ್ ಹೋಯಿತು ಎಂದು ಲಾರಿಗೆ ದಾರಿ ಬಿಡಬಾರದು.

ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು. ಹೊಸ ದಾರಿ ಎಲ್ಲ ಸರ್ವರ್‌ಗಳನ್ನೂ ಮುಟ್ಟುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟರೆ ಕಳ್ಳನಿಗೆ ಹಿತ್ತಲೇ ಹೆದ್ದಾರಿ. ಆದ್ದರಿಂದ ಆ ದಾರಿಯಲ್ಲಿ ಪ್ರತಿ ಸರ್ವರ್ ಬ್ಯಾಕಪ್ ಸರ್ವರಿನ ಜೊತೆ ಮಾತ್ರ ಮಾತಾಡಬೇಕು, ಒಂದು ಸರ್ವರ್ ಪಕ್ಕದ ಸರ್ವರನ್ನು ನೋಡಲೂ ಆಗಬಾರದು. ಬ್ಯಾಕಪ್ ಸರ್ವರಿಗೆ ಪ್ರವೇಶಿಸುವ ಹೆಸರು, ಪಾಸ್‌ವರ್ಡ್ ಬೇರೆಯೇ ಇರಬೇಕು.

ಇದು ಬರಿಯ ಹೆದರಿಕೆಯ ಮಾತಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆಯಿತು. ದೇಶದ ಮೂಲೆಮೂಲೆಯಿಂದ ರೋಗಿಗಳು ಬರುವ ಆಸ್ಪತ್ರೆ ಅದು. ಅಲ್ಲಿ ಹಲವು ದಿನ ನೋಂದಣಿ, ವರದಿ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ದಾಳಿಕೋರರು ಓದಲಾಗದಂತೆ ಬೀಗ ಹಾಕಿದ್ದರು. ನೆಟ್‌ವರ್ಕನ್ನು ಸರಿಯಾಗಿ ವಿಂಗಡಿಸದೆ ಇದ್ದದ್ದು ಇದಕ್ಕೆ ದಾರಿಯಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಆ ಮಾಹಿತಿ ಮರಳಿ ಬಂದದ್ದು ಹೇಗೆ ಎಂಬುದನ್ನೂ ಸರ್ಕಾರ ಹೇಳಿತು. ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಅದು ಮರಳಿತು. ನಾನು ಆ ಸುದ್ದಿಯನ್ನು ಎರಡು ಸಲ ಓದಿದೆ. ಒಂದು ಕಡೆ ಬೇರ್ಪಡಿಸದೆ ಇದ್ದದ್ದು ಮುಳುಗಿಸಿತು, ಇನ್ನೊಂದು ಕಡೆ ದಾಳಿ ಮುಟ್ಟದೆ ಉಳಿದದ್ದು ಕೈಹಿಡಿಯಿತು.

ನಮ್ಮ ಆಸ್ಪತ್ರೆಯ ಕಥೆ ಮುಗಿಸುತ್ತೇನೆ. ಲೆಕ್ಕದ ಪ್ರಕಾರ 10 ಗಿಗಾಬಿಟ್ ದಾರಿಯಲ್ಲಿ 3.2 ಟೆರಾಬೈಟ್ ಮುಕ್ಕಾಲು ಗಂಟೆಯಲ್ಲಿ ಹೋಗಬೇಕು. ನಿಜವಾಗಿ ಎರಡೂವರೆ ಗಂಟೆ ಬೇಕಾಯಿತು. ದಾರಿ ಅಗಲವಾದ ಮೇಲೆ ಡಿಸ್ಕಿನಿಂದ ಓದುವುದೇ ತಡವಾಗತೊಡಗಿತು. ರಸ್ತೆ ದೊಡ್ಡದಾದರೂ ಗದ್ದೆಯಲ್ಲಿ ಕಬ್ಬು ಕಡಿಯುವ ಆಳು ಅಷ್ಟೇ ಇದ್ದರೆ ಗಾಡಿ ಕಾಯಲೇಬೇಕಲ್ಲ. ಆದರೂ ಎಂಟು ಗಂಟೆ ಎರಡೂವರೆಗೆ ಇಳಿಯಿತು. ಈಗ ಒಂದು ವೇಳೆ ಹಗಲಿನಲ್ಲೇ ಬ್ಯಾಕಪ್ ಮಾಡಬೇಕಾಗಿ ಬಂದರೂ ಎಕ್ಸ್‌ರೇ ಕೋರಿಕೆ ಸಾಲಿನಲ್ಲಿ ನಿಲ್ಲುವುದಿಲ್ಲ. ಸೋಮವಾರದ ಜ್ವರ ಬಿಟ್ಟಿತು. ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಬ್ಬ ರೋಗಿಯ ದಾಖಲೆಯನ್ನು ವಾಪಸು ತಂದು ತೆರೆದು ನೋಡುತ್ತೇವೆ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬಾರದು. ಕಣಜ ತುಂಬಿದೆ ಎಂದು ನಂಬಿ, ಬಿತ್ತನೆಯ ದಿನ ಬಾಗಿಲು ತೆಗೆದರೆ ಹುಳು ಹಿಡಿದಿದ್ದ ಹಾಗೆ ಆಗಬಾರದು.

"ನಮಗೆ ಇದರಿಂದೇನು, ನಮ್ಮನೇಲಿ ಸರ್ವರ್ ಇಲ್ಲವಲ್ಲ" ಎಂದು ಹಿರಿಯರು ಅಂದುಕೊಳ್ಳಬಹುದು. ಮನೆಗೆ ಬೇರೆ ನೆಟ್‌ವರ್ಕ್ ಬೇಡ. ಆದರೆ ಬ್ಯಾಕಪ್ ಬೇಕು. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಒಂದು ಸುಲಭ ಸೂತ್ರವಿದೆ, 3-2-1. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಲಿ. ಮಗಳ ಮದುವೆಯ ಫೋಟೋ, ಜಮೀನಿನ ಕಾಗದದ ಪ್ರತಿ ಒಂದೇ ಮೊಬೈಲಿನಲ್ಲಿದ್ದರೆ, ಆ ಮೊಬೈಲ್ ಬೋರ್‌ವೆಲ್ ತೊಟ್ಟಿಗೆ ಬಿದ್ದ ದಿನ ಎಲ್ಲ ಮುಗಿಯಿತು.

ಕೊನೆಗೆ ನಮ್ಮ ಶಾಲೆಯ ಮಾತು. ನಾನು ಓದುವಾಗ ಆಫೀಸು ಕೋಣೆಯ ಹೆಂಚು ಸೋರಿ ಒಂದು ಮಳೆಗಾಲ ಅಂಕಗಳ ಪುಸ್ತಕ ನೆನೆದುಹೋಗಿತ್ತು. ಆಗಿನ ಮುಖ್ಯೋಪಾಧ್ಯಾಯರು ಪ್ರತಿ ವರ್ಷ ಅದರ ಕೈಬರಹದ ಪ್ರತಿ ಮಾಡಿಸಿ ವಿಜ್ಞಾನದ ಕೋಣೆಯ ಕಬ್ಬಿಣದ ಟ್ರಂಕಿನಲ್ಲಿ ಇಡಿಸುತ್ತಿದ್ದರು. "ಎಲ್ಲಾ ಮೊಟ್ಟೆ ಒಂದೇ ಬುಟ್ಟೀಲಿ ಇಡಬೇಡಿ" ಎಂದೇನೂ ಅವರು ಉಪದೇಶ ಮಾಡಲಿಲ್ಲ. ಪ್ರತಿ ಬರೆಯಲು ಅಂದದ ಅಕ್ಷರದ ಹುಡುಗರನ್ನು ಕರೆಯುತ್ತಿದ್ದರು, ಆಮೇಲೆ ಕಡಲೆಕಾಯಿ ಕೊಡಿಸುತ್ತಿದ್ದರು, ಅಷ್ಟೇ. ನಾನೂ ಎರಡು ಪುಟ ಬರೆದಿದ್ದೇನೆ. ನನ್ನ ಬದುಕಿನ ಮೊದಲ ಬ್ಯಾಕಪ್ ಅದು. ಬೇರೆ ಕೋಣೆ, ಬೇರೆ ಪೆಟ್ಟಿಗೆ, ಬೇರೆ ಬೀಗ. ಜಯನಗರದಲ್ಲಿ ನಾನು ದುಡ್ಡು ಕೊಟ್ಟು, ತಪ್ಪು ಮಾಡಿ ಕಲಿತದ್ದನ್ನು ಅವರು ಇಲ್ಲಿ ಆಗಲೇ ತೋರಿಸಿದ್ದರು, ನನಗೆ ಕಂಡಿರಲಿಲ್ಲ.

ಈಗ ನಮ್ಮ ಶಾಲೆಗೆ ಐವತ್ತು ವರ್ಷ. ಐವತ್ತು ವರ್ಷದ ದಾಖಲಾತಿ ರಿಜಿಸ್ಟರುಗಳು ಒಂದೇ ಬೀರುವಿನಲ್ಲಿವೆ. ಊರಿನ ಎಷ್ಟೋ ಜನರ ಹುಟ್ಟಿದ ದಿನಾಂಕಕ್ಕೆ ಆ ಪುಟವೇ ಆಧಾರ. ಪಿಂಚಣಿಗೆ, ಪಾಸ್‌ಪೋರ್ಟಿಗೆ, ಟಿ.ಸಿ.ಯ ನಕಲಿಗೆ ಇಂದಿಗೂ ಜನ ಬಂದು ಕೇಳುತ್ತಾರೆ ಎಂದು ಗುಮಾಸ್ತರು ನಿನ್ನೆ ಹೇಳಿದರು. ಮೊದಲ ವರ್ಷಗಳ ಹಾಳೆಗಳು ಮುಟ್ಟಿದರೆ ಉದುರುತ್ತಿವೆ.

ನಾವು ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನು ಕೊಡುಗೆ ಕೊಡಬೇಕೆಂದು ನಿನ್ನೆ ಚರ್ಚೆಯಾಯಿತು. ಕಮಾನು ಆಗಲಿ, ರಂಗಮಂದಿರವೂ ಆಗಲಿ. ಅದರ ಜೊತೆಗೆ, ಇಲಾಖೆಯ ಅನುಮತಿ ಪಡೆದು, ಮುಖ್ಯೋಪಾಧ್ಯಾಯರ ಕಣ್ಣೆದುರಿಗೆ, ಆ ರಿಜಿಸ್ಟರುಗಳ ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡಿಸೋಣ. ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ, ಒಂದು ಬೀಗ ಹಾಕಿದ ಹಾರ್ಡ್ ಡಿಸ್ಕಿನಲ್ಲಿ, ಒಂದು ಇಲಾಖೆ ಹೇಳಿದ ಇನ್ನೊಂದು ಸ್ಥಳದಲ್ಲಿ. ಜನರ ಸ್ವಂತ ವಿವರ ಇರುವುದರಿಂದ ಯಾರ ಮೊಬೈಲಿಗೂ ಹೋಗಬಾರದು, ಯಾವ ವಾಟ್ಸಾಪ್ ಗುಂಪಿಗೂ ಹಾಕಬಾರದು. ಸ್ಕ್ಯಾನರನ್ನು ನಾನು ತರುತ್ತೇನೆ. ಬರುವ ಬೇಸಿಗೆ ರಜೆಯಲ್ಲಿ ಹದಿನೈದು ದಿನ ಊರಿನಲ್ಲಿ ಇರುತ್ತೇನೆ. ನನ್ನ ಜೊತೆ ಕೂರಲು ನಾಲ್ಕು ಜನ ಬೇಕು. ಕಡಲೆಕಾಯಿ ನನ್ನದು.

ಆ ಅಜ್ಜಿ ಕೇಳಿದ ಪ್ರಶ್ನೆಯನ್ನು ನಾಳೆ ಯಾರಾದರೂ ಈ ಶಾಲೆಯ ಕಿಟಕಿಯಲ್ಲಿ ನಿಂತು ಕೇಳಿದರೆ, "ಇಲ್ಲಿದೆ ನೋಡಿ" ಎಂದು ತೆಗೆದು ತೋರಿಸುವಂತಾಗಬೇಕು.

 ನನಗೆ ಭಾಗಾಕಾರ ಕಲಿಸಿದ ಗುರುಗಳಿಗೆ, ಕವಲಿನಲ್ಲಿ ನಿಂತು ಎತ್ತು ತಿರುಗಿಸಿದ ಹಿರಿಯರಿಗೆ ನಮಸ್ಕಾರ.